ಆರೋಗ್ಯ ಕಾರ್ಡೂ ನನ್ನ ಸೊಂಟದ ಸುತ್ತಳತೆಯೂ

ಕೆಲವರಿಗೆ ಗುಟ್ಟು ಹೇಳಿದರೆ ಅದು ಅವರ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ ಎನ್ನುತ್ತಾರೆ. ನನ್ನ ಹೊಟ್ಟೆಯಲ್ಲಿ ಜಾಗಕ್ಕೇನೂ ಕೊರತೆಯಿಲ್ಲ. ಆ ಹೊಟ್ಟೆಯೇ ನಾನು ಬಹುಕಾಲ ಕಾಪಾಡಿಕೊಂಡು ಬಂದ ಗುಟ್ಟು ಎಂಬುದು ಬೇರೆ ಮಾತು. ಸೊಂಟದ ಅಳತೆ ಯಾರು ಕೇಳಿದರೂ ಮೂವತ್ತಾರು ಎಂದುಬಿಡುತ್ತೇನೆ. ಬೀದಿಯಲ್ಲಿ ನಡೆಯುವಾಗ ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಒಳಗೆಳೆದುಕೊಳ್ಳುತ್ತೇನೆ. ಆಗ ಯಾರಾದರೂ ಮಾತನಾಡಿಸಿದರೆ ಬರೀ ತಲೆಯಾಡಿಸುತ್ತೇನೆ. ಮೇಷ್ಟ್ರು ಬಹಳ ಗಂಭೀರ ಮನುಷ್ಯ ಎಂದು ಊರಲ್ಲಿ ಹೆಸರಾಗಿದೆ. ಆಂಧ್ರದ ಗಡಿಯ ನಮ್ಮ ರಾಯದುರ್ಗದ ಓಣಿಓಣಿಯಲ್ಲೂ ಜೀನ್ಸ್ ಹೊಲಿಯುತ್ತಾರಾದರೂ ನನಗಾಗುವ ಸಿದ್ಧ ಜೀನ್ಸ್ ಒಂದೂ ಸಿಕ್ಕಿಲ್ಲ. "ಆ ಉಡುಪು ಶಿಕ್ಷಕರಿಗೆ ಶೋಭಿಸುವುದಿಲ್ಲ" ಎಂದು ಹೇಳಿಕೊಂಡು ತಿರುಗುತ್ತಿದ್ದೆ.

ಇಂಥ ನನ್ನನ್ನು ಮಕ್ಕಳ ಖಾಸಗಿ ಮಾಹಿತಿಯ ರಕ್ಷಣೆಯ ಬಗ್ಗೆ ಒಂದು ದಿನದ ತರಬೇತಿಗೆ ಅನಂತಪುರಕ್ಕೆ ಕಳಿಸಿದರು. ಹಿಂತಿರುಗಿದ ಮೇಲೆ ಸ್ಟಾಫ್ ರೂಮಿನಲ್ಲಿ ಮುಕ್ಕಾಲು ಗಂಟೆ ಭಾಷಣ ಬಿಗಿದೆ. ಮಗುವಿನ ಆಧಾರ್ ಸಂಖ್ಯೆ, ಕಾಯಿಲೆ, ಮನೆಯ ಕಷ್ಟ ಯಾವುದೂ ನಾಲ್ಕು ಜನರ ಬಾಯಿಗೆ ಬೀಳಬಾರದು ಎಂದು ಮೇಜು ಕುಟ್ಟಿದೆ. ನಮ್ಮ ಹೆಡ್ ಮೇಡಂ ಚಹಾದ ಲೋಟ ಕೆಳಗಿಟ್ಟು, "ಇಷ್ಟು ತಿಳಿದೋರು ನೀವ ಇಟ್ಕೊಳ್ರಿ ಸಾರ್" ಎಂದು ಮಕ್ಕಳ ಆರೋಗ್ಯ ಕಾರ್ಡುಗಳಿದ್ದ ಬೀರುವಿನ ಕೀಲಿಕೈಯನ್ನು ನನ್ನ ಕೈಗೆ ಹಾಕಿದರು. ಭಾಷಣ ಮಾಡುವವರಿಗೆ ಇದೊಂದು ಎಚ್ಚರಿಕೆಯಾಗಿರಲಿ.

ಅದೇ ವಾರ ಒಂಬತ್ತನೇ ತರಗತಿಯ ಗಂಗಾಳ ತಾಯಿ ಈರಮ್ಮ ಬಂದಳು. ಜೀನ್ಸ್ ಯೂನಿಟ್ಟಿನಲ್ಲಿ ಹೊಲಿಗೆ ಕೆಲಸ ಮಾಡುವ ಹೆಂಗಸು. ಬಾಗಿಲ ಆಚೆ ಈಚೆ ನೋಡಿ ದನಿ ತಗ್ಗಿಸಿದಳು. "ಸಾರ್, ಮಗಳಿಗೆ ಎರಡು ಸಲ ಮೂರ್ಛೆ ಬಂದೈತ್ರಿ. ಗುಳಿಗಿ ನುಂಗ್ತಾಳ. ಸಾಲ್ಯಾಗ ಬಿದ್ರ ನಿಮಗ ಗೊತ್ತಿರ್ಲಿ ಅಂತ ಹೇಳೀನಿ. ನಮ್ಮ ಯೂನಿಟ್ಟಿನಾಗ ಅರ್ಧ ಮಂದಿ ನಮ್ಮ ನೆಂಟರ ಅದಾರ. ಗೊತ್ತಾದ್ರ ಹುಡುಗಿನ್ನ ಬ್ಯಾರೆ ಥರ ನೋಡ್ತಾರ್ರಿ. ಯಾರಿಗೂ ಹೇಳಬ್ಯಾಡ್ರಿ." ನಾನು ಎದೆ ಮುಟ್ಟಿಕೊಂಡು ಮಾತು ಕೊಟ್ಟೆ. ಆಮೇಲೆ ಗಂಗಾಳ ಆರೋಗ್ಯ ಕಾರ್ಡಿನಲ್ಲಿ ಆ ವಿಷಯವನ್ನು ಕೆಂಪು ಶಾಯಿಯಲ್ಲಿ ದಪ್ಪಗೆ ಬರೆದು, ಕೆಳಗೆ ಎರಡು ಗೆರೆ ಎಳೆದು, ಪಕ್ಕದಲ್ಲಿ 'ಗೋಪ್ಯ' ಎಂದೂ ಸೇರಿಸಿದೆ. ಹತ್ತು ಮಾರು ದೂರದಿಂದಲೂ ಓದಬಹುದಾದ ಗೋಪ್ಯ ಅದು.

ಅಷ್ಟರಲ್ಲಿ ಶಾಲೆಯ ಬೀರುವಿಗೆ ಗೆದ್ದಲು ಹತ್ತಿತು. ಸರಿಯಾಗುವವರೆಗೆ ಕಾರ್ಡುಗಳಿಗೆ ನನ್ನ ಮನೆಗಿಂತ ಭದ್ರವಾದ ಜಾಗ ಯಾವುದಿದೆ ಎಂದು ಯಾರನ್ನೂ ಕೇಳದೆ ಹೊತ್ತು ತಂದೆ. ಟವೆಲಿನಲ್ಲಿ ಸುತ್ತಿ ಅಲ್ಮಾರಿಯ ಮೇಲಿಟ್ಟೆ. ಎಷ್ಟು ಗುಟ್ಟಾಗಿ ಇಟ್ಟೆನೆಂದರೆ ಹೆಂಡತಿಗೂ ಹೇಳಲಿಲ್ಲ. ಹೇಳಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ.

ಎರಡು ವಾರದ ಮೇಲೆ ಆರೋಗ್ಯ ತಪಾಸಣೆಯವರು ಬರುತ್ತಾರೆಂದು ಹೆಡ್ ಮೇಡಂ ಕಾರ್ಡು ಕೇಳಿದರು. ಮನೆಗೆ ಓಡಿಬಂದು ನೋಡಿದರೆ ಅಲ್ಮಾರಿಯ ಮೇಲೆ ಟವೆಲೂ ಇಲ್ಲ, ಕಾರ್ಡೂ ಇಲ್ಲ. ನನ್ನ ಹೆಂಡತಿ ಸುಜಾತ ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. "ಆ ದಪ್ಪನ್ನ ಕಾಗದಾನ?" ಎಂದು ತಣ್ಣಗೆ ಕೇಳಿದಳು. "ಹಿಂದ ಖಾಲಿ ಇತ್ತಲ್ರಿ. ನಿಮಗ ಒಂದು ಜೀನ್ಸ್ ಹೊಲಿಸೋಣ ಅಂತ ಅಂಟಿಸಿ ಪ್ಯಾಂಟಿನ ಅಳತಿ ಕತ್ತರಿಸೀನಿ. ನಮ್ಮ ಮಿಷನ್ ಸೂಜಿ ಆ ಬಟ್ಟೀಗೆ ತಡಿಯಂಗಿಲ್ಲ, ಯೂನಿಟ್ಟಿಗೆ ಕೊಟ್ಟೀನಿ. ಎರಡು ಕಾರ್ಡಿನಾಗ ಮುಗೀತದ ಅಂದ್ಕೊಂಡಿದ್ದೆ, ನಿಮ್ಮ ಹೊಟ್ಟೀಗೆ ಐದು ಬೇಕಾದ್ವು ನೋಡ್ರಿ." ಉಳಿದವು ಅವಳ ಹೊಲಿಗೆ ಪೆಟ್ಟಿಗೆಯಲ್ಲಿ ಸುರಕ್ಷಿತವಾಗಿದ್ದವು. ಒಂದೊಂದೇ ಹೆಸರು ನೋಡುತ್ತಾ ಹೋದೆ. ಗಂಗಾಳದು ಇರಲಿಲ್ಲ. ಯಾವ ಯೂನಿಟ್ಟು ಎಂದು ಕೇಳಿದೆ. ಈರಮ್ಮನದೇ.

ಅಲ್ಲಿಗೆ ಹೇಗೆ ಹೋದೆನೋ ನೆನಪಿಲ್ಲ. ಹೊಟ್ಟೆ ಒಳಗೆಳೆದುಕೊಳ್ಳಲು ಮರೆತಿದ್ದೆ ಎಂಬುದಷ್ಟೇ ನೆನಪು. ನಾನು ಒಳಗೆ ಕಾಲಿಟ್ಟೊಡನೆ ಮಿಷನ್ನುಗಳ ಸದ್ದು ಒಂದೊಂದಾಗಿ ನಿಂತಿತು. ಹೆಂಗಸರೆಲ್ಲ ನನ್ನ ಮುಖ ನೋಡಿ, ಆಮೇಲೆ ಹೊಟ್ಟೆ ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಕಟಿಂಗ್ ಮೇಸ್ತ್ರಿ "ಕೂರ್ಚೋಂಡಿ ಸಾರ್" ಎಂದು ತೆಲುಗಿನಲ್ಲಿ ಕೂರಲು ಹೇಳಿ ಸ್ಟೂಲು ಸರಿಸಿ, ಅದು ತಡೆಯುತ್ತದೋ ಇಲ್ಲವೋ ಎಂದು ಒಮ್ಮೆ ಅಲುಗಾಡಿಸಿ ನೋಡಿದ. ಆಗ ಎದುರಿನ ಗೋಡೆ ಕಂಡಿತು. ಮೊಳೆಗೆ ನನ್ನ ಪ್ಯಾಂಟಿನ ಅಳತೆಯ ಕಾಗದ ನೇತಾಡುತ್ತಿತ್ತು. ಅದರ ಮೇಲೆ ಸುಜಾತಳ ಗುಂಡು ಅಕ್ಷರ: 'ನಮ್ಮ ಯಜಮಾನರದು. ಸೊಂಟ ನಲವತ್ನಾಲ್ಕು. ಊಟ ಆದ ಮೇಲೆ ಇನ್ನೂ ಎರಡು ಇಂಚು.'

ಈರಮ್ಮ ಎದ್ದು ಬಂದು ನನ್ನನ್ನು ಬಾಗಿಲ ಹೊರಗೆ ಕರೆದಳು. ಅವಳು ನಗುತ್ತಿರಲಿಲ್ಲ. "ನಂಬಿ ಹೇಳಿದ್ನಲ್ರಿ ಸಾರ್" ಎಂದಳು. ಅಷ್ಟೇ. ನನಗೆ ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ. ತಪ್ಪಾಯಿತಮ್ಮ ಎಂದೆ. ಕೆಂಪು ಶಾಯಿಯ ಬರಹವನ್ನು ಯಾರಾದರೂ ನೋಡಿದರೇ ಎಂದು ಕೇಳಿದೆ.

"ಇಲ್ರಿ. ನಮ್ಮ ಮೇಸ್ತ್ರಿಗೆ ಕನ್ನಡ ಓದಾಕ ಬರಂಗಿಲ್ಲ. ಅವನ ಕೈಯಿಂದ ಕಾಗದ ಇಸ್ಕೊಂಡಾಕಿ ನಾನ. ಕೆಂಪು ಶಾಯಿ ನೋಡಿ ಎದಿ ಧಸಕ್ಕಂತು. ಮುಚ್ಚಿಟ್ರ ಏನೈತಿ ತೋರ್ಸು ಅಂತ ಎಲ್ಲರೂ ಬರ್ತಾರ. ಅದಕ್ಕ ನಿಮ್ಮ ಹೊಟ್ಟಿ ಬರೆದಿದ್ದ ಕಡಿ ಮುಂದ ಮಾಡಿ ನೇತು ಹಾಕಿ, ನಾನ ದೊಡ್ಡ ದನಿಲೆ ಓದಿ ಹೇಳಿದೆ. ಎಂಟು ದಿನದಿಂದ ಎಲ್ಲರೂ ಅದನ್ನ ನೋಡಿ ನಗ್ತಾರ್ರಿ. ಹಿಂದ ಏನೈತಿ ಅಂತ ಒಬ್ಬರೂ ತಿರುವಿ ನೋಡಿಲ್ಲ."

ಪ್ಯಾಂಟಿನ ಬಟ್ಟೆ ಆಗಲೇ ಕತ್ತರಿಸಿಯಾಗಿತ್ತು. ಕಾಗದವನ್ನು ಹಾಗೆಯೇ ಸುತ್ತಿ ನನ್ನ ಕೈಗೆ ಕೊಟ್ಟಳು. ಗಂಗಾಳ ಹೆಸರು ನನ್ನ ಬಲ ಮಂಡಿಯ ಹತ್ತಿರ ಬಂದಿತ್ತು. ಮಾರನೆಯ ದಿನ ಹೆಡ್ ಮೇಡಂಗೆ ನಡೆದದ್ದೆಲ್ಲ ಒಪ್ಪಿಸಿ, ಬೈಸಿಕೊಂಡು, ಐದು ಕಾರ್ಡನ್ನೂ ಹೊಸದಾಗಿ ಬರೆದೆ, ಈ ಸಲ ನೀಲಿ ಶಾಯಿಯಲ್ಲಿ, ಸಣ್ಣಕ್ಷರದಲ್ಲಿ. ಕೀಲಿಕೈಯನ್ನು ಅವರೇ ಹಿಂದಕ್ಕೆ ಪಡೆದರು. ಗಂಗಾ ಎಂದಿನಂತೆ ಗೆಳತಿಯರ ನಡುವೆ ಕೂತು ಲೆಕ್ಕ ತಪ್ಪು ಮಾಡುತ್ತಿದ್ದಾಳೆ. ಅದನ್ನು ನೋಡಿ ನನಗಾಗುವ ಸಮಾಧಾನ ಅಷ್ಟಿಷ್ಟಲ್ಲ.

ಜೀನ್ಸ್ ಬಂತು. ಈರಮ್ಮನೇ ಹೊಲಿದದ್ದು. ಊಟದ ಮೊದಲೂ ಆಗುತ್ತದೆ, ಆಮೇಲೂ ಆಗುತ್ತದೆ. ಬೀದಿಯಲ್ಲಿ ಈಗ ಉಸಿರು ಬಿಟ್ಟುಕೊಂಡೇ ನಡೆಯುತ್ತೇನೆ, ಮಾತನಾಡಿಸಿದವರ ಜೊತೆ ನಿಂತು ಮಾತನಾಡುತ್ತೇನೆ. ಮೇಷ್ಟ್ರು ಈಚೆಗೆ ಬಹಳ ಸರಳವಾಗಿಬಿಟ್ಟಿದ್ದಾರೆ ಎಂದು ಊರಲ್ಲಿ ಹೇಳುತ್ತಿದ್ದಾರಂತೆ.