ನಟ್ಟ ನಡುವಿನ ಪೈಪು

ವಾದದಲ್ಲಿ ಗೆದ್ದು ನನಗೆ ಗೊತ್ತಿಲ್ಲ. ಲೆಕ್ಕದಲ್ಲಿ ಗೆಲ್ಲುತ್ತೇನೆ, ಮಾತಿನಲ್ಲಿ ಸೋಲುತ್ತೇನೆ. ಕಂಬ-ತೊಲೆಗಳ ಲೆಕ್ಕ ಹಾಕುವ ಎಂಜಿನಿಯರನಿಗೆ ಇದಕ್ಕಿಂತ ದೊಡ್ಡ ಶಾಪ ಬೇಕಿಲ್ಲ. ಹರಿಹರದಿಂದ ದಾವಣಗೆರೆಯ ಆಫೀಸಿಗೆ ವರ್ಷಗಟ್ಟಲೆ ಬಸ್ಸಿನಲ್ಲಿ ಓಡಾಡಿ ನಾನು ನಿಲ್ಲಿಸಿದ್ದೆಲ್ಲ ಎರಡು ಮೂರು ಮಹಡಿಯ ಮನೆಗಳು, ಒಂದೆರಡು ಕಲ್ಯಾಣ ಮಂಟಪಗಳು. ಹೀಗಿರುವಾಗ ಬಟ್ಟೆ ವ್ಯಾಪಾರದ ರುದ್ರಪ್ಪನವರು ಬಂದು, "ಹದಿನೆಂಟು ಅಂತಸ್ತು ಎಬ್ಬಿಸ್ಬೇಕ್ರಿ ಸರ, ಇಡೀ ಊರು ಕತ್ತೆತ್ತಿ ನೋಡ್ಬೇಕು" ಎಂದಾಗ ನನ್ನ ಕತ್ತು ಅಲ್ಲೇ ಮೇಲೆದ್ದಿತು. ದೊಡ್ಡ ಊರಿನವರು ಇದನ್ನು ಗಗನಚುಂಬಿ ಎಂದರೆ ನಕ್ಕಾರು. ನನ್ನ ಪಾಲಿಗೆ ಅದೇ ಗಗನ, ಈ ವಯಸ್ಸಿನಲ್ಲಿ ಇನ್ನೊಂದು ಸಿಗುವುದಿಲ್ಲ.

ಅಷ್ಟೆತ್ತರದ ಕಟ್ಟಡಕ್ಕೆ ನಡುವೆ ಬೆನ್ನೆಲುಬು ಬೇಕು. ಲಿಫ್ಟು, ಮೆಟ್ಟಿಲುಗಳನ್ನು ಸುತ್ತುವರಿದು ಬುಡದಿಂದ ತುದಿಯವರೆಗೆ ಏರುವ ಕಾಂಕ್ರೀಟ್ ಗೋಡೆಗಳ ಗೂಡು; ನಾವು ಅದನ್ನು ಕೋರ್ ಎನ್ನುತ್ತೇವೆ. ತಿಂಗಳು ಕೂತು ನಕ್ಷೆ ಬರೆದೆ. ರುದ್ರಪ್ಪನವರು ನಕ್ಷೆಯನ್ನು ವಾಸ್ತು ಪಂಡಿತರಿಗೆ ತೋರಿಸಿ, ಅವರನ್ನೂ ಕರೆದುಕೊಂಡು ಬಂದರು. "ನಟ್ಟ ನಡುವೆ ಭಾರ ಹೇರ್ಬಾರ್ದಂತ್ರಿ. ಅದು ಬ್ರಹ್ಮಸ್ಥಾನ, ಖಾಲಿ ಬಿಡ್ಬೇಕು. ನಿಮ್ಮ ಗೂಡು ನೈರುತ್ಯ ಮೂಲೆಗೆ ಸರಿಸ್ರಿ" ಎಂದರು ರುದ್ರಪ್ಪ.

ಮೂರು ವಾರ ವಾದ ನಡೆಯಿತು. ಮೂಲೆಗೆ ಸರಿಸಿದರೆ ಗಾಳಿಗೆ ಕಟ್ಟಡ ತಿರುಚುತ್ತದೆ ಎಂದರೆ ನಂಬಲಿಲ್ಲ. "ಛತ್ರಿ ಕೋಲು ನಡುವೆ ಬಿಟ್ಟು ಅಂಚಿಗೆ ಕಟ್ಟಿದ್ರೆ ಹೆಂಗೆ ಹೇಳ್ರಿ?" ಎಂದು ನನ್ನ ಛತ್ರಿಯನ್ನೇ ಬಿಚ್ಚಿ ತೋರಿಸಿದೆ. "ನಡುವೆ ಕೋಲಿದ್ರೂ ನಮ್ಮ ಛತ್ರಿ ಮೊನ್ನೆ ಗಾಳಿಗೆ ಉಲ್ಟಾ ಆತಲ್ರಿ" ಎಂದರು ರುದ್ರಪ್ಪ. ಒಳಗೆ ಛತ್ರಿ ಬಿಚ್ಚಿದ್ದು ಅಪಶಕುನವೆಂದು ಪಂಡಿತರು ಬೇರೆ ಗೊಣಗಿದರು.

ಕೊನೆಗೆ ಒಂದು ಭಾನುವಾರ, ಸಾವಧಾನವಾಗಿ ವಿವರಿಸೋಣವೆಂದು ರುದ್ರಪ್ಪನವರನ್ನು ಹರಿಹರದ ಮನೆಗೆ ಕರೆದೆ. ಅದೇ ತಪ್ಪಾಯಿತು. ಹೊಸ್ತಿಲು ದಾಟುತ್ತಲೇ ಅವರ ಕಣ್ಣು ಪಡಸಾಲೆಯ ನಡುವೆ ನಿಂತಿದ್ದ ಕಬ್ಬಿಣದ ಪೈಪಿನ ಮೇಲೆ ಬಿತ್ತು. "ಇದೇನ್ರಿ ಸರ?"

ನಾನು ಬಾಯಿ ತೆರೆಯುವ ಮೊದಲೇ ಚಹಾ ತಂದ ಹೆಂಡತಿ ಶಾರದಾ ಹೇಳಿಬಿಟ್ಟಳು: "ನಕ್ಷೆದಾಗೆ ಅಲ್ಲೊಂದು ಕಂಬ ಇತ್ತಂತ್ರಿ. ಬ್ರಹ್ಮಸ್ಥಾನ, ಕಂಬ ಬ್ಯಾಡ ಅಂದ್ರು ನಮ್ಮತ್ತೆ. ಇವ್ರು ತೆಗೆದ್ರು. ಎರಡು ವರ್ಷಕ್ಕೆ ತೊಲೆ ಬಿರುಕು ಬಿಡ್ತು. ಆಮ್ಯಾಲೆ ಇದನ್ನ ಹಚ್ಚಿದ್ರು."

ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಗಾದೆಗೆ ನಾನೇ ಉದಾಹರಣೆಯಾಗಿ ನಿಂತಿದ್ದೆ. ಆದರೂ ಒಂದು ಆಸೆ ಹುಟ್ಟಿತು. ಮಾನ ಹೋದರೆ ಹೋಗಲಿ, ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಯಾವುದು? ರುದ್ರಪ್ಪ ಪೈಪನ್ನು ತಟ್ಟಿ ನೋಡಿದರು. ಮೂರು ವಾರದಲ್ಲಿ ಮೊದಲ ಸಲ ನಕ್ಕರು.

"ಹಂಗಾದ್ರೆ ಚಿಂತಿ ಯಾಕ್ರಿ? ನಮ್ದೂ ಮೊದ್ಲು ಖಾಲಿ ಬಿಡ್ರಿ. ಬಿರುಕು ಬಂದ್ರೆ ಆಮ್ಯಾಲೆ ಇಂಥದೊಂದು ಹಚ್ಚಿದ್ರಾತು."

ಮರುದಿನ, ನಡು ಖಾಲಿ ಬಿಟ್ಟ ನಕ್ಷೆಗೆ ಸಹಿ ಹಾಕುವುದಿಲ್ಲವೆಂದು ಹೇಳಿ ನಕ್ಷೆಗಳನ್ನು ಸುತ್ತಿ ವಾಪಸು ಕೊಟ್ಟೆ. ಅವರು ಬೇರೆ ಎಂಜಿನಿಯರನನ್ನು ಹುಡುಕುತ್ತಿದ್ದಾರಂತೆ. ಸಿಕ್ಕೇ ಸಿಗುತ್ತಾನೆ, ಅವ್ವ ಹೇಳಿದಳೆಂದು ಕಂಬ ತೆಗೆದ ನಾನೇ ಇಲ್ಲವೇ? ಅವಳಿಗೆ ಅಂದು ಹೇಳಲಾಗದ 'ಆಗದು' ಎಂಬ ಒಂದು ಮಾತನ್ನು ಇಂದು ಹೇಳಿ, ನನ್ನ ಗಗನವನ್ನು ಕಳೆದುಕೊಂಡು ಬಂದೆ. ಬಹಳ ಸಂಕಟವಾಯಿತು. ಸಂಜೆ ಆ ಪೈಪಿಗೇ ಬೆನ್ನು ಕೊಟ್ಟು ಸುಮ್ಮನೆ ಕೂತೆ.

"ಭಾಳ ಒರಗಬ್ಯಾಡ್ರಿ," ಎಂದಳು ಶಾರದಾ ಒಳಗಿನಿಂದ, "ಅದನ್ನೂ ನೀವೇ ನಿಲ್ಲಿಸಿದ್ದು."

ನಾನು ಸ್ವಲ್ಪ ಮುಂದಕ್ಕೆ ಸರಿದು ಕೂತೆ.