ಸಾಹೇಬರಿಗೆ ಪ್ಲೆಥೋರಾ

ತೊಂಬತ್ತರ ದಶಕದಲ್ಲಿ ನಾನು ಪಾಲಾರಿವಟ್ಟಂನ ಬ್ಯಾಂಕ್ ಶಾಖೆಯೊಂದರಲ್ಲಿ ಅಧಿಕಾರಿಯಾಗಿದ್ದೆ. ಮೈಸೂರಿಗೆ ವರ್ಗ ಬೇಕೆಂದು ಅರ್ಜಿ ಹಾಕಿ ಹಾಕಿ ಬೆರಳು ಸವೆದಿದ್ದವು. ವರ್ಗ ಕೊಡಬೇಕಾದ ದೊಡ್ಡ ಸಾಹೇಬರೇ ತಿರುವನಂತಪುರದಿಂದ ನಮ್ಮ ಶಾಖೆಗೆ ಬರುತ್ತಾರೆ, ಸ್ವಾಗತ ಭಾಷಣ ನನ್ನದು ಎಂದು ತಿಳಿದಾಗ, ಇನ್ನು ಸಾಮಾನು ಕಟ್ಟುವುದೊಂದೇ ಬಾಕಿ ಎಂದುಕೊಂಡೆ!

ಭಾಷಣಕ್ಕೆ ತೂಕದ ಇಂಗ್ಲಿಷ್ ಪದವೊಂದು ಬೇಕಿತ್ತು. ನಿಘಂಟಿನಲ್ಲಿ ಸಿಕ್ಕಿತು: ಪ್ಲೆಥೋರಾ. ಅರ್ಥ, ಬೇಕಾದ್ದಕ್ಕಿಂತ ಹೆಚ್ಚು ಇರುವುದು. ಕೆಳಗೆ ಇನ್ನೂ ಎರಡು ಸಾಲು ಇದ್ದವು. ಅಕ್ಷರ ಚಿಕ್ಕದು, ನನ್ನ ಅವಸರ ದೊಡ್ಡದು.

"ತುಂಬಾ ಅಂದ್ರೆ ಸಾಲ್ದೇನ್ರೀ?" ಎಂದಳು ಹೆಂಡತಿ ಸರೋಜ.

"ನಿಂಗೆ ಗೊತ್ತಾಗಲ್ಲ, ಸುಮ್ನಿರು."

ಮರುದಿನ ಮೈಕಿನ ಮುಂದೆ ಇಂಗ್ಲಿಷಿನಲ್ಲಿ ಗುಡುಗಿದೆ: "ನಮ್ಮ ಸಾಹೇಬರ ಮುಖ ನೋಡಿದರೆ ಸಾಕು, ಅವರಿಗೆ ಎಂಥ ಪ್ಲೆಥೋರಾ ಇದೆಯೆಂದು ತಿಳಿಯುತ್ತದೆ!" 'ಸದ್ಗುಣಗಳ' ಎಂಬುದು ಗಡಿಬಿಡಿಯಲ್ಲಿ ಗಂಟಲಲ್ಲೇ ಉಳಿಯಿತು. ಮೊದಲೇ ಕೆಂಪಗಿದ್ದ ಸಾಹೇಬರ ಮುಖ ದಾಸವಾಳವಾಯಿತು.

ಸಭೆ ಮುಗಿದ ಕೂಡಲೇ ಕೋಣೆಗೆ ಕರೆ ಬಂತು.

"ಆರಾ ಪರಞ್ಞೆ?" ಯಾರು ಹೇಳಿದ್ದು ಎಂದು ಕೇಳುತ್ತಿದ್ದರು.

ಹೊಗಳಿಕೆಗೆ ನಾಚಿದ್ದಾರೆ ಎಂದುಕೊಂಡೆ. "ಯಾರು ಹೇಳಬೇಕು ಸರ್? ಇಡೀ ಶಾಖೆಗೇ ಗೊತ್ತು!"

ಸಾಹೇಬರು ಕುರ್ಚಿಯಲ್ಲಿ ಕುಸಿದರು. "ನನ್ನ ಹೆಂಡತಿಗೇ ಗೊತ್ತಿಲ್ಲವಲ್ಲ..."

"ತಿಳಿಸೋಣ ಸರ್. ಮೇಡಂಗೂ ಹೆಮ್ಮೆಯಾಗುತ್ತೆ!"

ಅವರು ಬಾಗಿಲ ಕಡೆ ಬೆರಳು ತೋರಿಸಿದರು.

ಕಲೂರಿನ ಮನೆಗೆ ಬಂದರೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ನಿಘಂಟು ಹಿಡಿದು ಪಕ್ಕದ ಮನೆಗೆ ಓಡಿದೆ. ಅಲ್ಲಿದ್ದ ನಿವೃತ್ತ ಇಂಗ್ಲಿಷ್ ಮೇಷ್ಟ್ರನ್ನು ಎಲ್ಲರೂ 'ಮಾಷ್' ಎನ್ನುತ್ತಿದ್ದರು. ಮಾಷ್ ಆ ಎರಡು ಸಾಲು ಓದಿ ಹೇಳಿದರು. ಪದ ಗ್ರೀಕರದಂತೆ, 'ತುಂಬಿರುವುದು' ಎಂದರ್ಥವಂತೆ. ಹಿಂದಿನ ವೈದ್ಯರು ಮೈಯಲ್ಲಿ ರಕ್ತ ಅತಿಯಾಗುವ ರೋಗಕ್ಕೆ ಆ ಹೆಸರಿಟ್ಟಿದ್ದರಂತೆ.

"ಜಿಗಣೆ ಹಚ್ಚಿ ರಕ್ತ ಇಳಿಸುತ್ತಿದ್ದರು, ಸಾರೇ!" ಎಂದರು ಮಾಷ್, ಬಲು ಸಂತೋಷದಿಂದ.

ನನ್ನ ರಕ್ತ ಜಿಗಣೆಯಿಲ್ಲದೆಯೇ ಇಳಿಯಿತು. ಸಾಹೇಬರಿಗೆ ನಿಜವಾಗಿಯೂ ಆ ಕಾಯಿಲೆ ಇತ್ತು. ಹೆಂಡತಿಗೂ ಹೇಳದೆ ಮುಚ್ಚಿಟ್ಟಿದ್ದನ್ನು ನಾನು ಮೈಕಿನಲ್ಲಿ ಸಾರಿದ್ದೆ!

ಭಾನುವಾರ ಬೆಳಗಿನ ರೈಲು ಹಿಡಿದು ಕ್ಷಮೆ ಕೇಳಲು ತಿರುವನಂತಪುರಕ್ಕೆ ಹೊರಟೆ. "ನನ್ನಿಂದ ತಪ್ಪಾಯಿತು" ಎಂಬ ಒಂದೇ ವಾಕ್ಯವನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ಬಾಗಿಲು ತೆರೆದವರು ಮೇಡಂ. ವಾಕ್ಯ ಹಾರಿಹೋಯಿತು.

"ಸಾಹೇಬರ ರಕ್ತ ಈಗ ಹೇಗಿದೆ?" ಎಂದುಬಿಟ್ಟೆ.

"ಯಾವ ರಕ್ತ?" ಎಂದರು ಮೇಡಂ.

ಒಳಗೆ ಸ್ಟೀಲ್ ಲೋಟ ಬಿದ್ದ ಸದ್ದಾಯಿತು. ನಾನು ಚಹಾಕ್ಕೂ ಕಾಯಲಿಲ್ಲ.

ಸಂಜೆ ಸರೋಜ ಬಾಗಿಲಲ್ಲೇ ಕೇಳಿದಳು. "ಸಾಹೇಬ್ರು ಏನಂದ್ರು?"

"ಏನೂ ಅನ್ನಲಿಲ್ಲ."

"ಹಾಗಾದ್ರೆ ನೀವೇನಂದ್ರಿ?"

ಹೇಳಿದೆ. ಅವಳು ಒಳಗೆ ಹೋಗಿ, ಮಗಳ ಮುಂದಿನ ವರ್ಷದ ಮಲಯಾಳಂ ಪುಸ್ತಕಕ್ಕೆ ಬೈಂಡ್ ಹಾಕಲು ಕುಳಿತಳು.