ಶ್ರುತಿಕವೆಗೆ ಅರಗಿನ ಮುದ್ರೆ

ನೀರು ಸರಬರಾಜು ಕಚೇರಿಯ ವಾದ್ಯವೃಂದದಲ್ಲಿ ಶ್ರುತಿಯು ಹುದ್ದೆಯ ಹಿರಿತನವನ್ನು ಅನುಸರಿಸತಕ್ಕದ್ದು ಎಂಬುದು ಜಾರಿಯಲ್ಲಿರುವ ನಿಯಮ. ಎಲ್ಲರಿಗಿಂತ ಹಿರಿಯರು ಸೂಪರಿಂಟೆಂಡೆಂಟ್ ಸಾಹೇಬರು. ಅವರು ಊದುವುದು ದೊಡ್ಡ ಹಿತ್ತಾಳೆ ಕೊಂಬು. ಶ್ರುತಿ ಹೊಂದಿಸಲು ಅದರಲ್ಲೊಂದು ಎಳೆಯುವ ಕೊಳವೆಯಿದೆ. ಆ ಕೊಳವೆ ಪೂರಾ ಹೊರಗೆ ಬಂದ ಜಾಗದಲ್ಲೇ ಕಚ್ಚಿಕೊಂಡು ಒಂಬತ್ತು ವರ್ಷವಾಯಿತು. ಹಾಗಾಗಿ ಕೊಂಬು ಹೆಚ್ಚುಕಡಿಮೆ ಅರ್ಧ ಸ್ವರ ಕೆಳಗೇ ನುಡಿಯುತ್ತದೆ. ಕೊಳವೆ ಬಿಡಿಸುವುದರಲ್ಲಿ ಪಳಗಿದ ನಲವತ್ತು ಮಂದಿ ಕಚೇರಿಯಲ್ಲಿದ್ದಾರೆ. ಆದರೆ ಲಿಖಿತ ದೂರು ಬರದೆ ಯಾವ ಕೊಳವೆಯನ್ನೂ ಮುಟ್ಟುವಂತಿಲ್ಲ, ಸಾಹೇಬರಿಗೋ ಯಾವ ದೂರೂ ಇಲ್ಲ.

ಇಂಥ ಸುವ್ಯವಸ್ಥೆಗೆ ಬಂದು ಸೇರಿದವಳು ಮೀಟರಕ್ಕ. ಮನೆಮನೆಗೆ ಹೋಗಿ ನೀರಿನ ಮೀಟರು ಓದುವವಳಾದ್ದರಿಂದ ಆ ಹೆಸರು. ವೃಂದದಲ್ಲಿ ಪುಟ್ಟ ಕ್ಲಾರಿನೆಟ್ಟಿನ ಕುರ್ಚಿ ಒಂದೇ ಒಂದು. ಅದಕ್ಕಾಗಿ ಹನ್ನೊಂದು ವರ್ಷ ಕಾದಿದ್ದಳು. ದಿನಾ ಬೆಳಗ್ಗೆ ಅಡುಗೆಮನೆಯಲ್ಲಿ ಮಗಳು ಶ್ರುತಿಕವೆಯನ್ನು, ಅಂದರೆ ಒಂದೇ ಸ್ವರ ನುಡಿಯುವ ಉಕ್ಕಿನ ಕವಲನ್ನು, ತಟ್ಟಿ ಹಿಡಿಯುವಳು. ಅಮ್ಮ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಅದಕ್ಕೆ ದನಿ ಕೂಡಿಸುವಳು. ಆ ಪುಟ್ಟ ವಾದ್ಯ ಬಲು ಹಟಮಾರಿ. ತುಟಿ ಚೂರು ಬಿಗಿಯಾದರೆ ಕಿರುಚುತ್ತದೆ, ಸಡಿಲವಾದರೆ ಗೊಣಗುತ್ತದೆ. ಅದನ್ನು ಪಳಗಿಸಿದ್ದೇ ಅವಳ ಬದುಕಿನ ಒಂದೇ ಹೆಮ್ಮೆ.

ಮೊದಲ ತಾಲೀಮಿನಲ್ಲೇ ಬ್ಯಾಂಡ್‌ಮಾಸ್ತರರು ಕೋಲು ಕೆಳಗಿಟ್ಟರು.

“ಏನಮ್ಮಾ, ಇಪ್ಪತ್ತಾರು ಜನ ಒಂದು ಕಡೆ, ನೀನೊಬ್ಬಳೇ ಇನ್ನೊಂದು ಕಡೆ?”

“ಕವೆ ತಟ್ಟಿ ನೋಡಿ ಸಾರ್. ನಾನು ಸರಿಯಾಗೇ ಇದೀನಿ.”

“ಸರಿಯಾಗಿದೀಯ ಅಂತ ನನಗೂ ಗೊತ್ತು. ಸರಿ ಇರೋಕೆ ಯಾರ ಅಪ್ಪಣೆ ತಗೊಂಡೆ, ಅದನ್ನ ಹೇಳು.”

ಮರುದಿನ ಸುತ್ತೋಲೆ ಹೊರಟಿತು: “ಪುಟ್ಟ ಕ್ಲಾರಿನೆಟ್ ವಾದಕಿಯು ಮೇಲಧಿಕಾರಿಗಳ ಶ್ರುತಿಯನ್ನು ಮೀರಿರುವುದು ಗಮನಕ್ಕೆ ಬಂದಿರುತ್ತದೆ. ಏಳು ದಿನಗಳೊಳಗಾಗಿ ಇಳಿಯತಕ್ಕದ್ದು. ತಪ್ಪಿದಲ್ಲಿ ಕುರ್ಚಿಯನ್ನು ಟೈಪಿಸ್ಟರಿಗೆ ವಹಿಸಲಾಗುವುದು.” ಟೈಪಿಸ್ಟರಿಗೆ ಊದಲು ಬಾರದು, ಆದ್ದರಿಂದ ಅವರಿಂದ ಅಪಶ್ರುತಿಯ ಆತಂಕವೂ ಇರಲಿಲ್ಲ.

ಮೀಟರಕ್ಕ ವಾದ್ಯದ ಕತ್ತಿನ ತುಂಡನ್ನು ಹೊರಗೆಳೆದಳು, ಇನ್ನಷ್ಟು ಎಳೆದಳು. ಶ್ರುತಿಯೇನೋ ಇಳಿಯಿತು, ಆದರೆ ಒಂದೊಂದು ಸ್ವರ ಒಂದೊಂದು ದಿಕ್ಕು ಹಿಡಿಯಿತು. ಆರನೆಯ ದಿನ ಊದುವ ತುದಿ ಬಾಯಲ್ಲೇ ಉಳಿದು ಮಿಕ್ಕಿದ್ದು ಮಡಿಲಿಗೆ ಬಿತ್ತು. ಅವಳಿಗೆ ಅಳು ತಡೆಯಲಾಗಲಿಲ್ಲ.

ಕೊನೆಯ ದಿನ ಶ್ರುತಿಕವೆಯನ್ನೇ ಸಾಕ್ಷಿಯಾಗಿ ಸಲ್ಲಿಸಿದಳು. ಮೂವರ ಸಮಿತಿ ಅದನ್ನು ಹದಿನೆಂಟು ಬಾರಿ ತಟ್ಟಿ ವರದಿ ಬರೆಯಿತು: “ಎಷ್ಟು ಸಲ ವಿಚಾರಿಸಿದರೂ ಕವೆಯು ಒಂದೇ ಉತ್ತರ ನೀಡಿದೆ. ಇದು ಉದ್ಧಟತನ. ಕಚೇರಿಯ ಮುದ್ರೆಯಿಲ್ಲದ ಕವೆಯ ಮಾತು ಊರ್ಜಿತವಲ್ಲ.”

ಮುದ್ರೆ ಬಿತ್ತು. ಕವೆಯ ಎರಡೂ ತುದಿಗೆ ಕೆಂಪು ಅರಗು ಕಾಯಿಸಿ ಮೆತ್ತಿದರು. ಭಾರಕ್ಕೆ ಕವೆಯ ದನಿ ಇಳಿಯಿತು; ಸಾಹೇಬರ ಕೊಂಬಿಗೆ ಸಮವಾಗುವವರೆಗೂ ಮೆತ್ತುತ್ತಲೇ ಹೋದರು. ಕಚೇರಿಯ ಬಡಗಿ ಕ್ಲಾರಿನೆಟ್ಟಿಗೆ ಉದ್ದನೆಯ ಹೊಸ ಕತ್ತು ಕಡೆದುಕೊಟ್ಟ. ಈ ಕವೆಯನ್ನು ದಿನಕ್ಕೆರಡು ಗಂಟೆ ಕೇಳತಕ್ಕದ್ದು ಎಂಬ ಷರತ್ತಿನ ಮೇಲೆ ಕುರ್ಚಿ ಉಳಿಯಿತು.

“ಮುದ್ರೆ ಕಿತ್ತುಬಿಡಲಾ ಅಮ್ಮಾ?” ಎಂದಳು ಮಗಳು.

“ಬೇಡ ಕಣೇ. ಕುರ್ಚಿ ಉಳೀತಲ್ಲ, ಸಾಕು.”

ವಾರ್ಷಿಕ ಸಮಾರಂಭದಲ್ಲಿ ಇಪ್ಪತ್ತೇಳು ಮಂದಿ ಒಂದೇ ದನಿಯಾಗಿ ಊದಿದರು. ಮೀಟರಕ್ಕನಿಗೆ ಶ್ರುತಿಶುದ್ಧಿಯ ಪ್ರಶಸ್ತಿಪತ್ರ ಬಂತು, ಸಾಹೇಬರೇ ಕೈಯಾರೆ ಕೊಟ್ಟರು.

ಅದನ್ನು ಗೋಡೆಗೆ ತೂಗುಹಾಕುತ್ತಿದ್ದಾಗ ಅಡುಗೆಮನೆಯಲ್ಲಿ ಮಗಳು ಪಾತ್ರೆ ತೊಳೆಯುತ್ತ ಹಾಡುತ್ತಿದ್ದಳು, ಎಂದಿನ ಹಾಗೆಯೇ, ಸ್ವರಕ್ಕೆ ಸ್ವರ ಸರಿಯಾಗಿ. ಮೀಟರಕ್ಕ ಮುಖ ಹಿಂಡಿ ಕಿವಿ ಮುಚ್ಚಿಕೊಂಡಳು.

“ಪುಟ್ಟೀ, ತುಂಬಾ ಮೇಲಾಯ್ತು. ಸ್ವಲ್ಪ ಇಳಿಸು.”

ಅಮ್ಮ ತಮಾಷೆಗೆ ಹೇಳಿದಳೇನೋ ಎಂದು ಮಗಳು ತಿರುಗಿ ಮುಖ ನೋಡಿದಳು. ತಮಾಷೆಯಲ್ಲವೆಂದು ತಿಳಿದು ಶ್ರುತಿ ಇಳಿಸಿದಳು.

“ಹಾಂ,” ಎಂದಳು ಮೀಟರಕ್ಕ, “ಈಗ ಸರಿಹೋಯ್ತು ನೋಡು.”